ಅಪ್ಪನ ಗದ್ದಲ, ಅಜ್ಜಿಯ ಪದ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಹಂಪಸಾಗರಕ್ಕೆ ಬಂದ ಮೊಮ್ಮಗ ಈ ಸಲ ಕ್ರಿಕೆಟ್ ಬ್ಯಾಟು ತರಲಿಲ್ಲ. ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸುವ ಸಿ.ಡಿ. ಡ್ರೈವು ತಂದಿದ್ದ. ಬಂದವನೇ ಅಟ್ಟದ ಮೇಲಿನ ಟ್ರಂಕು ಇಳಿಸಿದ. ಅದರ ತುಂಬ ಅವನ ಅಪ್ಪ ಕೂಡಿಟ್ಟಿದ್ದ ಹಾರ್ಡ್ ರಾಕ್ ಸಿ.ಡಿ.ಗಳು.

ಹಾರ್ಡ್ ರಾಕ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಬೇಕಂತಲೇ ಒರಟು ಮಾಡಿ, ಡ್ರಮ್ಮು ಜೋರಾಗಿ ಬಡಿದು ಹಾಡುವ ಸಂಗೀತ. 2007ರಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನನ್ನ ಮಗ ಹೋಗಿದ್ದನಂತೆ. ನನಗೆ ಮಾತ್ರ ಆಫೀಸಿನಲ್ಲಿ ಕೆಲಸ ಜಾಸ್ತಿ ಅಂದಿದ್ದ!

“ಏನಪ್ಪಾ ಇದು ಗದ್ದಲ?” ಅಂದೆ.

“ಅಜ್ಜಾ, ಡೀಪ್ ಪರ್ಪಲ್. 1972ರ ‘ಮಷೀನ್ ಹೆಡ್’. ಸಿ.ಡಿ. ಹಾಳಾಗೋದ್ರೊಳಗ ಫ್ಲ್ಯಾಕ್ ಮಾಡಿ ಇಡ್ತೀನಿ.”

ಸಿ.ಡಿ.ಯಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಬರೆದಿಟ್ಟ ಲೆಕ್ಕ ಅದು. ಎಡಗಿವಿಗೊಂದು, ಬಲಗಿವಿಗೊಂದು. ಆ ಆಲ್ಬಮ್ಮಿನ ಲೆಕ್ಕವೆಲ್ಲ ಸೇರಿ ಸುಮಾರು 400 ಎಂಬಿ. ಎಂಪಿ3 ಮಾಡಿದರೆ 40 ಎಂಬಿಯೂ ಆಗದು. ಹೇಗೆ? ಕಿವಿಗೆ ಅಷ್ಟಾಗಿ ಗೊತ್ತಾಗದು ಅನ್ನಿಸಿದ ಸದ್ದನ್ನು ಕತ್ತರಿಸಿ ಬಿಸಾಕುತ್ತದೆ. ಫ್ಲ್ಯಾಕ್ ಹಾಗಲ್ಲ. ಕಂಬಳಿ ಮಡಿಚಿ ಟ್ರಂಕಿಗಿಟ್ಟ ಹಾಗೆ: ಜಾಗ ಕಡಿಮೆ, ಬಿಚ್ಚಿದರೆ ಒಂದೆಳೆಯೂ ಹೋಗಿರುವುದಿಲ್ಲ. 2001ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಗದ್ದಲ ಹೆಚ್ಚಿದ್ದಷ್ಟೂ ಮಡಿಚುವುದು ಕಷ್ಟವಂತೆ. ಅಪ್ಪನ ಸಿ.ಡಿ.ಗಳು ಅರ್ಧಕ್ಕೂ ಇಳಿಯಲಿಲ್ಲ.

ಗೀರು ಬಿದ್ದ ಸಿ.ಡಿ.ಯನ್ನು ಕಂಪ್ಯೂಟರು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಒಂದಕ್ಕೆ ಎರಡು ತಾಸು ಹಿಡಿಯಿತು. ಇನ್ನೊಂದರ ಬೆಳ್ಳಿ ಪದರವೇ ಎದ್ದುಹೋಗಿತ್ತು. ಅದರ ಕೊನೆಯ ಹಾಡು ಸಿಗಲೇ ಇಲ್ಲ. ಹುಡುಗ ಸಪ್ಪಗಾದ.

ಅವನ ಮುಖ ನೋಡಿ ನನಗೆ ಹಳೆಯದೊಂದು ನೆನಪಾಯಿತು. ನನ್ನಾಕೆ ರೊಟ್ಟಿ ಬಡಿಯುತ್ತ ಸೋಬಾನೆ ಪದ ಹೇಳುತ್ತಿದ್ದಳು. ಟೇಪ್ ರೆಕಾರ್ಡರ್ ಕೊಂಡ ಹೊಸತರಲ್ಲಿ ಅದನ್ನು ತುಂಬಿಸಿಕೊಂಡಿದ್ದೆ. ಅವಳು ತೀರಿಕೊಂಡ ವರ್ಷ ಆ ಕ್ಯಾಸೆಟ್ಟನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅವರು ಜಾಗ ಉಳಿಸಲೆಂದು ತೀರಾ ಸಣ್ಣ ಎಂಪಿ3 ಮಾಡಿಕೊಟ್ಟರು. ಕ್ಯಾಸೆಟ್ಟು ಅಲ್ಲೇ ಎಲ್ಲೋ ಕಳೆಯಿತು. ಈಗ ಮೊಬೈಲಿನಲ್ಲಿ ಹಾಡೇನೋ ಕೇಳುತ್ತದೆ, ನೀರೊಳಗಿಂದ ಬಂದಂತೆ. ಬಳೆಯ ಸದ್ದಿಲ್ಲ.

“ಈಗ ಇದನ್ನ ಫ್ಲ್ಯಾಕ್ ಮಾಡಿದ್ರ?” ಕೇಳಿದೆ.

“ಹೋದದ್ದು ವಾಪಸ್ ಬರಂಗಿಲ್ಲ ಅಜ್ಜಾ. ಮೂಲಾನೇ ಬೇಕು.”

ಮೂಲ ಹುಡುಕುವ ಈ ಹುಚ್ಚು ಇವನೊಬ್ಬನದಲ್ಲ. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮೋಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಕಟ್ಟಿದರು. ಅಂಥ ಹಳೆಯ ಅರಗಿನ ತಟ್ಟೆಗಳನ್ನು ಹುಡುಕಿ, ಹಾಡುಗಳನ್ನು ಡಿಜಿಟಲ್ ಮಾಡಿಸಿದರು.

ಟ್ರಂಕಿನ ತಳದಲ್ಲಿ, ಸಿ.ಡಿ.ಗಳ ಕೆಳಗೆ, ಹೆಸರು ಬರೆಯದ ಒಂದು ಕ್ಯಾಸೆಟ್ಟು ಸಿಕ್ಕಿತು. ನನ್ನ ಹಳೆಯ ಟೇಪ್ ರೆಕಾರ್ಡರ್ ಇಳಿಸಿದೆವು. ಹತ್ತಿಗೆ ಸ್ಪಿರಿಟ್ ಹಚ್ಚಿ ಹುಡುಗ ಅದರ ಹೆಡ್ ಒರೆಸಿದ. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು ಎಳೆದ. ಪುಕ್ಕಟೆ ಸಿಗುವ ‘ಆಡಾಸಿಟಿ’ ತೆರೆದು, ಗೆರೆ ಕೆಂಪಗಾಗದಂತೆ ಸದ್ದು ತಗ್ಗಿಸಿದ. ಆಮೇಲೆ ಗುಂಡಿ ಒತ್ತಿದ.

ಮೊದಲು ಬರೀ ಸುಂಯ್ ಅನ್ನುವ ಸದ್ದು. ಆಮೇಲೆ ಪಟಪಟ ರೊಟ್ಟಿ ಬಡಿಯುವುದು, ನಡುನಡುವೆ ಬಳೆ. ಎರಡು ಸಾಲು ಪದವಾಗುತ್ತಲೇ ಹಾಡು ನಿಂತು ಬೈಗುಳ ಬಂತು: “ಸಾಕು, ಬಂದ್ ಮಾಡ್ರೀ ಅದನ್ನ. ರೊಟ್ಟಿ ಸೀದು ಹೊಂಟಾವ!”

ಹುಡುಗ ಅಜ್ಜಿಯನ್ನು ಕಂಡವನಲ್ಲ. ನಕ್ಕುಬಿಟ್ಟ. “ಬೈದಿದ್ದು ಕತ್ತರಿಸ್ಲೇನು ಅಜ್ಜಾ?”

“ಮುಟ್ಟಬ್ಯಾಡ” ಅಂದೆ.

ಎರಡು ಪೆನ್‌ಡ್ರೈವಿಗೆ ತುಂಬಿಸಿದ. ಒಂದು ಬೆಂಗಳೂರಿಗೆ ಹೋಯಿತು. ಇನ್ನೊಂದು ‘ಮಷೀನ್ ಹೆಡ್’ ಜೊತೆ ನನ್ನ ಬೀರುವಿನಲ್ಲಿದೆ.