ತಡಸ ಬೇರೆ, ತಡಸ ಕ್ರಾಸ್ ಬೇರೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ 'ಯಾರ್ರೀ ತಡಸ ಕ್ರಾಸ್, ಇಳೀರಿ' ಎಂದು ಕೂಗಿದಾಗ ಹೊಸಬರು ತಡಸ ಬಂತೆಂದೇ ಇಳಿಯುವುದುಂಟು. ಇಳಿದ ಮೇಲೆ ತಿಳಿಯುತ್ತದೆ, ಬಂದದ್ದು ಕ್ರಾಸ್ ಮಾತ್ರ. ಊರು ಇನ್ನೂ ಒಳಗಿದೆ. ಶಿಗ್ಗಾವಿ ತಾಲ್ಲೂಕಿನ ಈ ಊರಿನ ಮೇಲೆ ಹಾಯ್ದು ಮುಂಡಗೋಡ, ಶಿರಸಿಗೆ ಹೋಗುವ ದಾರಿ ಪುಣೆ-ಬೆಂಗಳೂರು ಹೆದ್ದಾರಿಯಿಂದ ಒಡೆಯುವ ಜಾಗಕ್ಕೆ ಆ ಹೆಸರು. 1997ರಲ್ಲಿ ಜಿಲ್ಲೆ ಧಾರವಾಡ ಹೋಗಿ ಹಾವೇರಿಯಾಯಿತು. 2010ರಲ್ಲಿ ಹೆದ್ದಾರಿಯ ಸಂಖ್ಯೆ 4 ಹೋಗಿ 48 ಆಯಿತು. ಕ್ರಾಸ್ ಮಾತ್ರ ಕ್ರಾಸಾಗಿಯೇ ಉಳಿಯಿತು.

ಇಂಗ್ಲಿಷಿನ ಈ ಪದದ ಮೂಲ ಲ್ಯಾಟಿನ್ನಿನ 'ಕ್ರುಕ್ಸ್', ರೋಮನ್ನರು ಅಪರಾಧಿಗಳನ್ನು ಏರಿಸುತ್ತಿದ್ದ ಮರದ ಕಂಬ. ಲಂಡನ್ನಿನಲ್ಲಿಯೂ ಚೇರಿಂಗ್ ಕ್ರಾಸ್ ಎಂಬ ಜಾಗವಿದೆ. ಆದರೆ ಅದು ದಾರಿ ಕೂಡಿದ್ದರಿಂದ ಬಂದ ಹೆಸರಲ್ಲ. 1290ರಲ್ಲಿ ತೀರಿಕೊಂಡ ರಾಣಿ ಎಲೀನರಳ ಶವಯಾತ್ರೆ ತಂಗಿದಲ್ಲೆಲ್ಲ ದೊರೆ ಒಂದನೆಯ ಎಡ್ವರ್ಡ್ ಶಿಲುಬೆಯ ಸ್ಮಾರಕ ಕಟ್ಟಿಸಿದ. ಅವುಗಳಲ್ಲಿ ಕೊನೆಯದು ಚೇರಿಂಗ್‌ನಲ್ಲಿತ್ತು.

ಕನ್ನಡಿಗರು ಪದವನ್ನು ತೆಗೆದುಕೊಂಡರು, ಆ ಕಂಬವನ್ನು ಬಿಟ್ಟರು. ಚರ್ಚಿನ ಮೇಲಿರುವುದು ನಮಗೆ ಶಿಲುಬೆಯೇ. ರೆಡ್ ಕ್ರಾಸ್ ಸಂಸ್ಥೆಯ ಹೆಸರನ್ನು ಬಿಟ್ಟರೆ ನಮ್ಮ ಕ್ರಾಸಿನಲ್ಲಿ ಆ ಚಿಹ್ನೆಯ ನೆರಳೂ ಇಲ್ಲ. ಉಳಿದದ್ದು 'ಅಡ್ಡ' ಎಂಬ ಅರ್ಥ. ಅದಕ್ಕೆ 'ಆಗು', 'ಮಾಡು' ಹಚ್ಚಿ ರಸ್ತೆ ಕ್ರಾಸ್ ಮಾಡುತ್ತೇವೆ, ಟೆಲಿಫೋನ್ ಲೈನು ಕ್ರಾಸ್ ಆಯಿತೆನ್ನುತ್ತೇವೆ. ಇಂಗ್ಲಿಷಿನಲ್ಲಿ ಸಿಟ್ಟಿಗೆದ್ದವನೂ 'ಕ್ರಾಸ್'. ಆ ಅರ್ಥ ನಮಗೆ ಬೇಕಾಗಲಿಲ್ಲ, ಸಿಟ್ಟಿಗೆ ನಮ್ಮಲ್ಲಿ ಪದಗಳ ಬರವಿಲ್ಲ.

ನಾಡಿನೊಳಗೇ ಅರ್ಥ ಬದಲಾಗುತ್ತದೆ. ತಡಸದಲ್ಲಿ ಕ್ರಾಸ್ ಎಂದರೆ ಒಂದು ಜಾಗ, ಬಸ್ಸಿಗೆ ಕಾಯುತ್ತ ನಿಲ್ಲುವಂಥದ್ದು. ಬೆಂಗಳೂರಿನಲ್ಲಿ ಅದು ಇಡೀ ಒಂದು ರಸ್ತೆ. 'ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಬಾ' ಎಂದು ಕರೆಸಿಕೊಂಡ ಶಿಗ್ಗಾವಿಯ ಹುಡುಗ ಆ ರಸ್ತೆಯ ಯಾವ ತುದಿಯಲ್ಲಿ ನಿಲ್ಲಬೇಕು? ಬೋರ್ಡಿನ ಮೇಲೆ 'ಅಡ್ಡರಸ್ತೆ' ಎಂದು ಅಚ್ಚಗನ್ನಡದಲ್ಲಿ ಬರೆದಿದ್ದರೂ ಆಟೋದವರನ್ನು ಕೇಳುವಾಗ ಬಾಯಿಗೆ ಬರುವುದು ಕ್ರಾಸೇ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು 'ಕ್ರಾಸ್ ಮಾಡಿದರು' ಎಂದರೆ ಪಾಟೀ ಸವಾಲು. ಬ್ಯಾಂಕಿನಲ್ಲಿ ಚೆಕ್ಕಿನ ಮೇಲೆ ಎರಡು ಗೆರೆ ಎಳೆದರೆ ಅದೂ ಕ್ರಾಸ್. ಆಗ ಹಣ ಖಾತೆಗೇ ಹೋಗಬೇಕು, ಕೌಂಟರಿನಲ್ಲಿ ನಗದು ಸಿಗದು. ತಮಾಷೆಯೆಂದರೆ ಆ ಎರಡು ಗೆರೆಗಳು ಒಂದನ್ನೊಂದು ಕೂಡುವುದೇ ಇಲ್ಲ.

ಹಾವೇರಿ ಸೀಮೆಯ ಹೊಲಗಳಲ್ಲಿ ಈ ಪದ ಕೂಲಿಯ ಹೆಸರಾಗಿದೆ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ, ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ ತಳಿ. ಇಂಥ ಬೀಜ ತಾನಾಗಿ ಆಗುವುದಿಲ್ಲ. ಮರುದಿನ ಅರಳಬೇಕಾದ ಮೊಗ್ಗನ್ನು ಸಂಜೆಯೇ ಸುಲಿದು, ಪರಾಗದ ಕೇಸರಗಳನ್ನು ಉಗುರಿನಿಂದ ತೆಗೆದುಹಾಕಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಒಂದೊಂದಕ್ಕೂ ಒರೆಸಬೇಕು. ಇದಕ್ಕೆ ಹೆಣ್ಣುಮಕ್ಕಳು 'ಕ್ರಾಸಿಂಗಿಗೆ ಹೋಗುವುದು' ಎನ್ನುತ್ತಾರೆ. ಮೊಗ್ಗು ಕಣ್ತಪ್ಪಿ ಉಳಿದರೆ ಅದು ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ; ಅಂಥ ಬೀಜ ಹೆಚ್ಚು ಬೆರೆತ ಮಾಲು ಶುದ್ಧತೆಯ ಪರೀಕ್ಷೆಯಲ್ಲಿ ಬೀಳುತ್ತದೆ, ಬೀಜ ಬೆಳೆಸಿದವನ ದುಡ್ಡೂ ಬೀಳುತ್ತದೆ. ಮೊಗ್ಗು ಸುಲಿಯಲು ಸಣ್ಣ ಬೆರಳು ಚೆನ್ನೆಂದು ಹತ್ತಿ ಬೀಜದ ಹೊಲಗಳಿಗೆ ಮಕ್ಕಳನ್ನು ಕರೆದೊಯ್ದದ್ದೂ ಉಂಟು. ಆಗ ಶಾಲೆಯ ಹಾಜರಿಯಲ್ಲಿ ಅವರ ಹೆಸರಿನ ಮುಂದೆ ಬೀಳುತ್ತಿದ್ದುದು ಗೈರುಹಾಜರಿಯ ಗುರುತು.

ಹಟ್ಟಿಯಲ್ಲಿ ಜರ್ಸಿಯೊಡನೆ ಬೆರೆತದ್ದು 'ಕ್ರಾಸ್ ಆಕಳು', ಇಲ್ಲಿಯದೇ ಆದದ್ದು 'ಜವಾರಿ'. ಹತ್ತಿಯಲ್ಲಿಯೂ ಲೆಕ್ಕ ಹೀಗೆಯೇ, ಒಂದು ವ್ಯತ್ಯಾಸವುಂಟು. ಜವಾರಿ ಬೀಜವನ್ನು ಮನೆಯಲ್ಲಿಯೇ ಇಟ್ಟು ಮುಂದಿನ ವರ್ಷ ಬಿತ್ತಬಹುದು. ಕ್ರಾಸ್ ಬೀಜದ ಬೆಳೆಯಿಂದ ಬೀಜ ತೆಗೆದಿಟ್ಟರೆ ಎರಡನೆಯ ಸಲ ಗುಣಗಳು ಚದುರಿ, ಗಿಡಗಳು ಒಂದರಂತೆ ಒಂದಿರುವುದಿಲ್ಲ. ಹಾಗಾಗಿ ಪ್ರತಿ ಮುಂಗಾರಿಗೂ ಹೊಸ ಪಾಕೀಟು ಕೊಳ್ಳಬೇಕು.