ಲೀಟರ್ ಕೇಳುವ ಮೊದಲು ಟೇಪು ಹಿಡಿಯಿರಿ

ಬೆಂಗಳೂರಿನ ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಅಡುಗೆಮನೆ ಬಾಗಿಲಿನ ಅಗಲ ಬಹುಮಟ್ಟಿಗೆ ಎರಡೂವರೆ ಅಡಿ, ಅಂದರೆ 76 ಸೆಂಟಿಮೀಟರ್. ಅಂಗಡಿಯಲ್ಲಿ ಬೀರುವಿನಂತೆ ಎರಡು ಬಾಗಿಲು ತೆರೆದು ನಿಂತಿರುವ ಸೈಡ್-ಬೈ-ಸೈಡ್ ಫ್ರಿಜ್‌ನ ಅಗಲ ಹೆಚ್ಚೂಕಡಿಮೆ 91 ಸೆಂಟಿಮೀಟರ್. ಎತ್ತರ 178ರ ಆಸುಪಾಸು, ತೂಕ ನೂರು ಕಿಲೋ ಹತ್ತಿರ. ಈ ಲೆಕ್ಕ ಎಷ್ಟೋ ಮನೆಗಳಲ್ಲಿ ತಲೆಗೆ ಹೋಗುವುದು ದುಡ್ಡು ಕಟ್ಟಿ, ಟೆಂಪೋ ಗೇಟಿನ ಮುಂದೆ ಬಂದು ನಿಂತ ಮೇಲೆಯೇ.

ಅದಕ್ಕೆ ಮನೆಯನ್ನು ದೂರಿ ಪ್ರಯೋಜನವಿಲ್ಲ. ಜಯನಗರ ಬಡಾವಣೆ ಶುರುವಾದದ್ದು 1948ರಲ್ಲಿ. ಗೋದ್ರೆಜ್ ಕಂಪನಿ ನಮ್ಮ ದೇಶದಲ್ಲಿ ಫ್ರಿಜ್ ತಯಾರಿಸಲು ಹೊರಟದ್ದು ಅದಾಗಿ ಹತ್ತು ವರ್ಷಕ್ಕೆ, 1958ರಲ್ಲಿ. ಹಾಲು, ಮೊಸರು ನೀರಿನ ತಟ್ಟೆಯಲ್ಲಿ, ಕುಡಿಯುವ ನೀರು ಮಣ್ಣಿನ ಹೂಜಿಯಲ್ಲಿ ತಣ್ಣಗಿರುತ್ತಿದ್ದ ಕಾಲದ ಅಡುಗೆಮನೆಯಲ್ಲಿ ಫ್ರಿಜ್‌ಗೆಂದು ಮೂಲೆ ಬಿಡುವ ಯೋಚನೆ ಯಾರಿಗೂ ಬರಲಿಲ್ಲ. ಮೊದಲ ಫ್ರಿಜ್ ಬಂದಾಗ ಅದು ಹಾಲ್‌ನಲ್ಲಿ, ಟಿವಿ ಪಕ್ಕದಲ್ಲಿ ನಿಂತಿತು. ಅನೇಕ ಮನೆಗಳಲ್ಲಿ ಇವತ್ತಿಗೂ ಅಲ್ಲೇ ಇದೆ.

ಬಿಟಿಎಂ ಬಡಾವಣೆಯ ಕಷ್ಟ ಬೇರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರಿನ ಹೆಸರು ಹೊತ್ತಿರುವ ಈ ಬಡಾವಣೆಯಲ್ಲಿ 20×30 ಸೈಟಿನ ಮೇಲೆ ನಾಲ್ಕು ಮಹಡಿ ಎದ್ದಿರುತ್ತವೆ. ಮೆಟ್ಟಿಲು ಕಿರಿದು, ತಿರುವು ಇನ್ನೂ ಕಿರಿದು. ಒಳಗೆ ನಾಲ್ಕಡಿ ಜಾಗವಿದ್ದರೂ ಎರಡನೇ ಮಹಡಿಯ ತಿರುವಿನಲ್ಲಿ ಫ್ರಿಜ್ ಸಿಕ್ಕಿಕೊಂಡರೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯಬೇಕಾಗುತ್ತದೆ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಇದೆಯೆಂಬ ಧೈರ್ಯವೂ ಸಾಲದು. ಲಿಫ್ಟಿನ ಬಾಗಿಲನ್ನೂ ಅಳೆಯಬೇಕು.

ಹಾಗಾಗಿ ಟೇಪು ಹಿಡಿದು ಹೊರಡಬೇಕಾದದ್ದು ಗೇಟಿನಿಂದ: ಮೆಟ್ಟಿಲು, ತಿರುವು, ಮುಂಬಾಗಿಲು, ನಡುವೆ ಸಿಗುವ ಪ್ರತಿ ಚೌಕಟ್ಟು, ಕೊನೆಗೆ ಫ್ರಿಜ್ ನಿಲ್ಲುವ ಜಾಗ. 91 ಸೆಂಟಿಮೀಟರ್ ಅಗಲದ್ದು ನೇರವಾಗಿ ನುಗ್ಗದಿದ್ದರೆ ಪಕ್ಕಕ್ಕೆ ತಿರುಗಿಸಿ ಒಯ್ಯುತ್ತಾರೆ. ಆಗ ಲೆಕ್ಕಕ್ಕೆ ಬರುವುದು ಆಳ. ಬಾಗಿಲು, ಹಿಡಿಕೆ ಸೇರಿ ಅದು 70 ಸೆಂಟಿಮೀಟರ್ ದಾಟುತ್ತದೆ. ಎರಡೂ ಬಾಗಿಲು ಕಳಚಿದರೆ ಒಂದಷ್ಟು ಇಳಿಯುತ್ತದೆ. ಕಳಚುವ ಕೆಲಸ ಕಂಪನಿಯವರೇ ಮಾಡಬೇಕು, ಏಕೆಂದರೆ ಕೀಲಿನೊಳಗೆ ವೈರುಗಳೂ ಕೆಲವು ಮಾದರಿಗಳಲ್ಲಿ ನೀರಿನ ಕೊಳವೆಯೂ ಹಾದುಹೋಗಿರುತ್ತವೆ.

ನಿಲ್ಲುವ ಜಾಗವೆಂದರೆ ಫ್ರಿಜ್ ಹಿಡಿಸುವಷ್ಟೇ ಜಾಗವಲ್ಲ. ಇತ್ತೀಚಿನ ಫ್ರಿಜ್‌ಗಳಲ್ಲಿ ಶಾಖ ಬಿಡುವ ಕೊಳವೆಗಳು ಪಕ್ಕದ ತಗಡಿನ ಒಳಗೇ ಇರುತ್ತವೆ. ಕೈಯಿಟ್ಟರೆ ಪಕ್ಕಗಳು ಬಿಸಿ ಹತ್ತಿದರೆ ಗಾಬರಿಯಾಗಬೇಕಿಲ್ಲ, ಒಳಗಿನ ಶಾಖ ಹೊರಬರುತ್ತಿದೆ ಅಷ್ಟೇ. ಆದರೆ ಅದು ಹೋಗಲು ದಾರಿ ಬೇಕು. ಎರಡೂ ಪಕ್ಕ, ಹಿಂದೆ, ಮೇಲೆ ಎಷ್ಟು ಬಿಡಬೇಕೆಂದು ಜೊತೆಗೆ ಬರುವ ಪುಸ್ತಕದಲ್ಲಿ ಬರೆದಿರುತ್ತದೆ. ಪಕ್ಕಗಳಲ್ಲಿ ನಾಲ್ಕು ಬೆರಳು, ಹಿಂದೆ ಒಂದು ಗೇಣಿನ ಅರ್ಧವಾದರೂ ಇದ್ದರೆ ಒಳ್ಳೆಯದು. ಬಡಗಿಗೆ 91 ಅಂತ ಹೇಳಿ ಸರಿಯಾಗಿ 91ರ ಗೂಡು ಮಾಡಿಸಿಕೊಂಡ ಮನೆಗಳಲ್ಲಿ ಕಂಪ್ರೆಸರ್‌ಗೆ ಬಿಡುವೇ ಸಿಗುವುದಿಲ್ಲ. ಬೆಂಗಳೂರು ತಂಪು ಊರು ಎಂಬ ಹಳೆಯ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿದೆ. ಗೋಡೆಯ ಮೂಲೆಗೆ ಒತ್ತಿ ನಿಲ್ಲಿಸಿದರೆ ಇನ್ನೊಂದು ತೊಂದರೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ತರಕಾರಿ ಡ್ರಾಯರ್ ಹೊರಬರುವುದಿಲ್ಲ.

ಇಷ್ಟಾದ ಮೇಲೆ ಲೀಟರ್ ಮಾತು. ಸೈಡ್-ಬೈ-ಸೈಡ್‌ಗಳು ಸಾಮಾನ್ಯವಾಗಿ 550ರಿಂದ 700 ಲೀಟರ್. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಫ್ರೀಜರ್‌ಗೆ ಹೋಗುತ್ತದೆ. ಮಾಂಸ, ಮೀನು ತಂದಿಡುವ ಮನೆಗೆ ಇದು ಅನುಕೂಲ. ದಿನಾ ಬೆಳಿಗ್ಗೆ ನಂದಿನಿ ಹಾಲು ತಂದು, ಎರಡು ದಿನಕ್ಕೊಮ್ಮೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೋ ಗಾಂಧಿ ಬಜಾರಿಗೋ ಹೋಗಿ ಸೊಪ್ಪು ತರುವ ನಾಲ್ಕು ಜನರ ಮನೆಗೆ ಫ್ರೀಜರ್‌ನ ಆ ಇನ್ನೂರು ಲೀಟರ್ ಬಹುಪಾಲು ಖಾಲಿ ಕೂರುತ್ತದೆ. ಅಂಥವರಿಗೆ 300–350 ಲೀಟರಿನ ಡಬಲ್ ಡೋರ್ ಸಾಕು. ಆರೇಳು ಜನರ ಕೂಡು ಕುಟುಂಬವಾದರೆ, ವಾರಕ್ಕೊಮ್ಮೆ ಸಾಮಾನು ತರುವವರಾದರೆ ದೊಡ್ಡದು ಬೇಕೇ ಬೇಕು. ಫ್ರೀಜರ್ ಭಾಗವನ್ನು ಬೇಕಾದಾಗ ಮಾಮೂಲಿ ಫ್ರಿಜ್ ಆಗಿ ಬದಲಿಸಿಕೊಳ್ಳುವ ಮಾದರಿಗಳು ಈಗ ಇವೆ. ಸಸ್ಯಾಹಾರಿ ಮನೆಗಳು ಅದನ್ನು ಕೇಳಿ ತೆಗೆದುಕೊಳ್ಳುವುದು ವಾಸಿ.

ಲೀಟರಿಗಿಂತ ಮುಖ್ಯವಾದ ಅಳತೆಯೊಂದಿದೆ. ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ಅದು ಒಳಗಿನ ಅಗಲ. ಇಡೀ ಫ್ರಿಜ್ ಉದ್ದಕ್ಕೆ ಸೀಳಿ ಎರಡಾಗಿರುವುದರಿಂದ ಫ್ರೀಜರ್ ಕಡೆಯ ಒಳ ಅಗಲ ಒಂದಡಿಯ ಸುತ್ತಮುತ್ತ, ಇನ್ನೊಂದು ಕಡೆ ಒಂದೂವರೆ ಅಡಿಯ ಆಸುಪಾಸು. ದೋಸೆ ಹಿಟ್ಟು ಉಕ್ಕದಂತೆ ಇಡುವ ದೊಡ್ಡ ಪಾತ್ರೆ, ಯುಗಾದಿಯ ಹೋಳಿಗೆ ಜೋಡಿಸಿದ ಅಗಲದ ತಟ್ಟೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಮಲ್ಲಿಗೆ ಮಾಲೆ ಹರಡಿದ ಬುಟ್ಟಿ, ಇವು ನಮ್ಮ ಫ್ರಿಜ್‌ನಲ್ಲಿ ನಿಜವಾಗಿ ಕೂರುವ ವಸ್ತುಗಳು. ಅಂಗಡಿಗೆ ಹೋಗುವಾಗ ಮನೆಯ ಅತಿ ದೊಡ್ಡ ಪಾತ್ರೆಯ ಅಳತೆ ಬರೆದುಕೊಂಡು ಹೋಗಲು ಯಾರೂ ನಾಚಬೇಕಿಲ್ಲ. ಅಗಲದ ಪಾತ್ರೆಗಳೇ ಹೆಚ್ಚೆಂದರೆ, ಮೇಲೆ ಪೂರ್ತಿ ಅಗಲದ ಫ್ರಿಜ್, ಕೆಳಗೆ ಫ್ರೀಜರ್ ಇರುವ ಫ್ರೆಂಚ್ ಡೋರ್ ಮಾದರಿ ನೋಡಬಹುದು.

ಕಿರಿದಾದ ಆ ಫ್ರೀಜರ್ ಸೊಗಸಾಗಿ ಒದಗಿ ಬರುವುದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್–ಜನವರಿಯಲ್ಲಿ ಮಾಗಡಿ ಕಡೆಯ ಸೊಗಡು ಅವರೆ ರಾಶಿರಾಶಿ ಬಂದಾಗ, ಸಂಜೆ ಎಲ್ಲರೂ ಕೂತು ಹಿಸುಕಿದ ಬೇಳೆಯನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಕವರಿಗೆ ಹಾಕಿ, ಗಾಳಿ ತೆಗೆದು, ಚಪ್ಪಟೆ ಮಾಡಿ ಪುಸ್ತಕದಂತೆ ನಿಲ್ಲಿಸಿಟ್ಟರೆ ಯುಗಾದಿ ಕಳೆದ ಮೇಲೂ ಹಿತಕಬೇಳೆ ಸಾರು ಉಣ್ಣಬಹುದು. ಅದಕ್ಕೆ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರಬೇಕು. ಇನ್ನೊಂದು ಕಡೆ 3ರಿಂದ 5 ಡಿಗ್ರಿ.

ಕರೆಂಟ್ ವಿಷಯದಲ್ಲಿ ನಕ್ಷತ್ರ ಎಣಿಸಿ ಸುಮ್ಮನಾಗಬಾರದು. ಬಿಇಇ ಲೇಬಲ್ ಇದ್ದರೆ ಅದರ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. 480 ಎಂದಿದ್ದರೆ ತಿಂಗಳಿಗೆ 40. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಪಡೆಯುವ ಮನೆಗೆ ಈ 40 ದೊಡ್ಡದು: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗಿನ ಬಳಕೆ 170 ಇದ್ದು, ಹಳೆಯ ಸಣ್ಣ ಫ್ರಿಜ್ಜನ್ನೂ ಬಾಲ್ಕನಿಯಲ್ಲಿ ಓಡಿಸುತ್ತಲೇ ಹೊಸದನ್ನು ತಂದರೆ ಆ ಗೆರೆ ದಾಟಿದಂತೆಯೇ.

ಇನ್ನು ರಿಪೇರಿ. ದಕ್ಷಿಣ ಬೆಂಗಳೂರಿನ ಯಾವುದೇ ಮೆಕ್ಯಾನಿಕ್ ಮತ್ತೆ ಮತ್ತೆ ಕೇಳುವ ದೂರು ಒಂದು: ‘ಐಸ್ ಚೆನ್ನಾಗಿ ಆಗ್ತಿದೆ, ಆದರೆ ಹಾಲು ಒಡೀತಿದೆ.’ ಇದರ ಗುಟ್ಟು ಗಾಳಿಯಲ್ಲಿದೆ. ಅನೇಕ ಸೈಡ್-ಬೈ-ಸೈಡ್‌ಗಳಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರ್‌ನ ಹಿಂಗೋಡೆಯ ಒಳಗೆ. ಅಲ್ಲಿಂದ ಸಣ್ಣ ಫ್ಯಾನ್ ಗಾಳಿಯನ್ನು ನಡುಗೋಡೆಯ ಕಿಂಡಿಯ ಮೂಲಕ ಈಚೆ ಕಡೆಗೆ ದೂಡುತ್ತದೆ. ಆ ಕಿಂಡಿಗೆ ಅಡ್ಡವಾಗಿ ಸಾರಿನ ಪಾತ್ರೆ ಇಟ್ಟಿದ್ದರೂ ಸಾಕು, ಈಚೆ ಕಡೆ ಬೆಚ್ಚಗಾಗುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

ಪಾತ್ರೆ ಸರಿಸಿದರೂ ಸರಿಹೋಗದಿದ್ದರೆ ಒಳಗೆ ಹಿಮ ಕಟ್ಟಿರಬಹುದು. ಮೆಕ್ಯಾನಿಕ್ ಫ್ರೀಜರ್‌ನ ಹಿಂದಿನ ಹಲಗೆ ಬಿಚ್ಚಿದಾಗ ಅಲ್ಯೂಮಿನಿಯಂ ಎಸಳುಗಳೇ ಕಾಣದಂತೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಫ್ಯಾನಿನ ರೆಕ್ಕೆ ಅದಕ್ಕೆ ತಾಗಿ ಕರ್ ಕರ್ ಅನ್ನುತ್ತಿರುತ್ತದೆ. ಈ ಹಿಮ ಆಗಾಗ ಕರಗಲೆಂದೇ ಅಲ್ಲೊಂದು ಹೀಟರ್, ಅದನ್ನು ಕಾಯುವ ಸೆನ್ಸರ್ ಇವೆ. ನಡುರಾತ್ರಿ ಫ್ರಿಜ್ ಒಳಗಿಂದ ಬಿಸಿ ಕಾವಲಿಗೆ ನೀರು ಚಿಮುಕಿಸಿದಂತೆ ಚುಂಯ್ ಎಂಬ ಸದ್ದು ಬಂದರೆ ಅದು ಕರಗಿದ ಹನಿ ಹೀಟರ್ ಮೇಲೆ ಬಿದ್ದದ್ದು, ಫ್ರಿಜ್ ಆರೋಗ್ಯವಾಗಿದೆ. ಮನೆಯವರೇ ಮಾಡಬಹುದಾದ ಪರೀಕ್ಷೆ ಇಷ್ಟು: ಎಲ್ಲ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡುವುದು. ಮತ್ತೆ ಹಾಕಿದಾಗ ತಂಪು ಬಂದು, ಕೆಲವು ದಿನದಲ್ಲಿ ಪುನಃ ಕೈಕೊಟ್ಟರೆ ಹೀಟರ್ ಅಥವಾ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆತ್ತಲು ಮಾತ್ರ ಹೋಗಬಾರದು. ಕೊಳವೆ ತೂತಾದರೆ ಖರ್ಚು ಎಷ್ಟೋ ಪಾಲು ಹೆಚ್ಚುತ್ತದೆ.

ಫ್ರೀಜರ್ ತಳದಲ್ಲಿ ಐಸ್ ಹಾಳೆ ಕಟ್ಟಿ ನೆಲಕ್ಕೆ ನೀರು ಇಳಿದರೆ, ಕರಗಿದ ನೀರು ಹೋಗುವ ತೂತು ಕಟ್ಟಿಕೊಂಡಿದೆ ಎಂದರ್ಥ. ಒಂದು ಬಾಗಿಲು ಇನ್ನೊಂದಕ್ಕಿಂತ ಕೆಳಗೆ ಜೋತಂತೆ ಕಂಡರೆ ತಪ್ಪು ಬಾಗಿಲಿನದಲ್ಲ, ನೆಲದ್ದು. ಹಳೆಯ ರೆಡ್ ಆಕ್ಸೈಡ್, ಮೊಸಾಯಿಕ್ ನೆಲಗಳು ಎಲ್ಲ ಕಡೆ ಸಮವಿರುವುದಿಲ್ಲ. ಮುಂದಿನ ಕಾಲುಗಳನ್ನು ತಿರುಗಿಸಿ ಎತ್ತರ ಸರಿಮಾಡಬಹುದು. ಬಾಗಿಲಿನ ರಬ್ಬರ್ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು: ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ರಬ್ಬರ್ ಸೋತಿದೆ. ಬಾಗಿಲಿನಲ್ಲೇ ನೀರು ಕೊಡುವ ಮಾದರಿಗೆ ಬೋರ್‌ವೆಲ್ ನೀರು ಜೋಡಿಸಿದರೆ ಫಿಲ್ಟರ್ ಬೇಗ ಕಟ್ಟುತ್ತದೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆಂದು ನೋಡಿಕೊಂಡೇ ಆ ಮಾದರಿಗೆ ಕೈಹಾಕಬೇಕು.

ಕೊನೆಯದಾಗಿ, ದುಡ್ಡು ಹೆಚ್ಚು ಕಳೆಯುವ ಮಾತು: ‘ಸರ್, ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು.’ ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಉರಿದು ಮುಗಿಯುವುದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ ಅದು ವರ್ಷಾನುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಆ ಜಾಗ ಹುಡುಕಿ ಮುಚ್ಚದೆ ತುಂಬಿಸಿದ್ದು ಮತ್ತೆ ಹೋಗುತ್ತದೆ. ‘ಎಲ್ಲಿ ಲೀಕ್ ಆಗಿದೆ, ತೋರಿಸಿ’ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಫ್ರಿಜ್ ಹಿಂದಿನ ಚೀಟಿಯಲ್ಲಿ ಆರ್-600ಎ ಎಂದಿದ್ದರೆ ಅದು ಬೆಂಕಿ ಹೊತ್ತುವ ಐಸೊಬ್ಯುಟೇನ್. ಅದರ ಕೆಲಸ ಬಲ್ಲವರನ್ನೇ ಕರೆಸಿ, ಕಿಟಕಿ ತೆರೆದು, ಪಕ್ಕದ ಒಲೆಯನ್ನೂ ದೇವರ ಮುಂದಿನ ದೀಪವನ್ನೂ ಆರಿಸಿದ ಮೇಲೆಯೇ ಕೊಳವೆಗೆ ಕೈಹಾಕಲು ಬಿಡಬೇಕು.