ಹಳೆಯ ಕಾರಿನ ಕಿಡಿಯೂ ಕಬ್ಬಿನ ಪೆಟ್ರೋಲೂ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಬೆಳೆಯುವ ಕಬ್ಬಿಗೂ, ಊರೊಳಗೆ ಯಾರದೋ ಮನೆಯ ಮುಂದೆ ನಿಂತಿರುವ ಹಳೆಯ ಅಂಬಾಸಿಡರ್ ಕಾರಿಗೂ ಏನು ಸಂಬಂಧ? ನಂಜನಗೂಡು ಬಳಿಯ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯೂ ಡಿಸ್ಟಿಲರಿಯೂ ಇವೆ. ಇಂಥ ಕಡೆಗಳಲ್ಲಿ ಕಬ್ಬಿನಿಂದ ತಯಾರಾಗುವ ಎಥನಾಲ್ ಇಂದು ದೇಶದ ಪೆಟ್ರೋಲಿನಲ್ಲಿ ಬೆರೆಯುತ್ತಿದೆ. 2025ರ ವೇಳೆಗೆ ಈ ಬೆರಕೆ ಶೇ 20ಕ್ಕೆ ಮುಟ್ಟಿತು. ಹಳೆಯ ಎಂಜಿನ್‌ಗೆ ಕಾರ್ಖಾನೆಯವರು ಇಟ್ಟುಕೊಟ್ಟ ‘ಟೈಮಿಂಗ್’ ಮಾತ್ರ ಅಂದಿನ ಪೆಟ್ರೋಲಿಗೆ ಹೊಂದಿದ್ದು.

ಉಯ್ಯಾಲೆಯನ್ನು ನೂಕುವವರು ಸರಿಯಾದ ಗಳಿಗೆಗೆ ಕಾಯುತ್ತಾರೆ. ಉಯ್ಯಾಲೆ ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ನೂಕಿದರೆ ಕೈಗೆ ಪೆಟ್ಟು. ದೂರ ಹೋದ ಮೇಲೆ ನೂಕಿದರೆ ಶ್ರಮ ವ್ಯರ್ಥ. ಎಂಜಿನ್ನಿನ ಸಿಲಿಂಡರಿನಲ್ಲಿಯೂ ಹೀಗೆಯೇ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಗೇ ಸಿಡಿಯುವುದಿಲ್ಲ. ಉರಿ ಹಬ್ಬಲು ಕೊಂಚ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಕೆಲವು ಡಿಗ್ರಿ ಮೊದಲೇ ಪ್ಲಗ್‌ನಲ್ಲಿ ಕಿಡಿ ಹಾರಬೇಕು. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಸೆಕೆಂಡಿಗೆ 100 ಕಿಡಿ ಬೇಕು. ಇದರಲ್ಲಿ ಒಂದು ಡಿಗ್ರಿ ಎಂದರೆ ಸೆಕೆಂಡಿನ 18,000ದಲ್ಲಿ ಒಂದು ಭಾಗ.

ಮೊದಮೊದಲು ಈ ಹೊಣೆ ಚಾಲಕನದೇ ಆಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಬಳಿ ಕಿಡಿಯನ್ನು ಹಿಂದುಮುಂದು ಮಾಡುವ ಸನ್ನೆಯಿತ್ತು. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ‘ಪಾಯಿಂಟ್’ಗಳ ವ್ಯವಸ್ಥೆಯನ್ನು ರೂಪಿಸಿದರು. ಎಂಜಿನ್ ಬಡಿದುಕೊಳ್ಳಲು ಈ ಹೊಸ ವ್ಯವಸ್ಥೆಯೇ ಕಾರಣವೆಂದು ಜನ ದೂರಿದರು. ಕೆಟರಿಂಗ್ ಅವರ ಸಹಾಯಕ ಥಾಮಸ್ ಮಿಜ್ಲಿ ಹುಡುಕಿದಾಗ ತಪ್ಪು ಇಂಧನದ್ದೆಂದು ತಿಳಿಯಿತು. 1921ರಲ್ಲಿ ಅವರು ಕಂಡುಕೊಂಡ ಮದ್ದು, ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವುದು. ಮದ್ದೇ ವಿಷವೆಂದು ಜಗತ್ತು ಒಪ್ಪಿಕೊಳ್ಳಲು ದಶಕಗಳು ಹಿಡಿದವು. ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರುವರಿಯಲ್ಲಿ. ಸೀಸ ಮಾಡುತ್ತಿದ್ದ ಬಡಿತ ತಡೆಯುವ ಕೆಲಸವನ್ನು ಎಥನಾಲ್ ಕೂಡ ಮಾಡಬಲ್ಲದು.

ಹೀಗೆ ಇಂಧನ ಬದಲಾದಾಗ ಕಿಡಿಯ ಗಳಿಗೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಪಾಯಿಂಟ್ ಇರುವ ಕಾರಿನಲ್ಲಿ ಇದನ್ನು ಮನೆಯಲ್ಲೇ ಮಾಡಬಹುದು. ಬೇಕಾದದ್ದು ಸ್ಪ್ಯಾನರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ ಮತ್ತು ಎರಡು ತಂತಿ ಕಟ್ಟಿದ 12 ವೋಲ್ಟ್ ಬಲ್ಬು. ಕಾರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಮೊದಲು ಪಾಯಿಂಟ್‌ಗಳ ನಡುವಣ ಸಂದನ್ನು ಕೈಪಿಡಿಯ ಅಳತೆಗೆ ತರಬೇಕು. ಸಂದು ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಬಳಿಕ ಪ್ಲಗ್‌ಗಳನ್ನು ಬಿಚ್ಚಿ, ಒಂದನೇ ಸಿಲಿಂಡರಿನ ರಂಧ್ರಕ್ಕೆ ಬೆರಳಿಟ್ಟು, ಸ್ಪ್ಯಾನರ್‌ನಿಂದ ಎಂಜಿನ್ ತಿರುಗಿಸಬೇಕು. ಗಾಳಿ ಬೆರಳನ್ನು ನೂಕಿದಾಗ ಪಿಸ್ಟನ್ ಮೇಲೇರುತ್ತಿದೆ ಎಂದರ್ಥ. ಪುಲ್ಲಿಯ ಮೇಲಿನ ಗುರುತು ಕೈಪಿಡಿ ಹೇಳುವ ಡಿಗ್ರಿಗೆ ಬಂದಾಗ ನಿಲ್ಲಿಸಬೇಕು.

ಈಗ ಬಲ್ಬಿನ ಒಂದು ತಂತಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ತಂತಿಯ ಜೋಡಣೆಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಮುಟ್ಟಿಸಿ ಕೀ ಹಾಕಬೇಕು. ಡಿಸ್ಟ್ರಿಬ್ಯೂಟರಿನ ಬಿಗಿ ಸಡಿಲಿಸಿ, ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಅದನ್ನು ಹೊರಳಿಸಿದರೆ ಬಲ್ಬು ಆರುತ್ತದೆ. ನಿಧಾನವಾಗಿ ಎದುರು ದಿಕ್ಕಿಗೆ ಹೊರಳಿಸುತ್ತಾ ಬಂದಾಗ ಬಲ್ಬು ಹತ್ತಿಕೊಂಡ ಜಾಗದಲ್ಲೇ ಬಿಗಿ ಮಾಡಬೇಕು. ಪಾಯಿಂಟ್ ಬಿಚ್ಚಿ ಕಿಡಿ ಹಾರುವ ಕ್ಷಣ ಅದೇ. ಕೀಯನ್ನು ಹೆಚ್ಚು ಹೊತ್ತು ಹಾಕಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ಇಷ್ಟಾದರೂ ಕೊನೆಯ ತೀರ್ಪು ಕಿವಿಯದು. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಒತ್ತಿದಾಗ, ಡಬ್ಬಿಯೊಳಗೆ ಕಲ್ಲುಹರಳು ಅಲ್ಲಾಡಿಸಿದಂಥ ಸದ್ದು ಕೇಳಿಸಬಹುದು. ಕ್ಷಣದಲ್ಲೇ ಅಡಗಿದರೆ ಚಿಂತೆಯಿಲ್ಲ; ನಿಲ್ಲದಿದ್ದರೆ ಕಿಡಿ ಬೇಗ ಹಾರುತ್ತಿದೆ, ಒಂದೆರಡು ಡಿಗ್ರಿ ಹಿಂದಕ್ಕೆ ಇಡಬೇಕು. ಸದ್ದೇ ಇಲ್ಲದೆ ಕಾರು ಮಂಕಾಗಿ, ಎಂಜಿನ್ ಕಾದು, ಪೆಟ್ರೋಲ್ ಹೆಚ್ಚು ಕುಡಿದರೆ ಕಿಡಿ ತಡವಾಗಿದೆ. ನಂಜನಗೂಡು–ನರಸೀಪುರದ ಸಮತಟ್ಟು ರಸ್ತೆಯಲ್ಲಿ ಬಚ್ಚಿಟ್ಟುಕೊಂಡ ದೋಷ, ಗುಂಡ್ಲುಪೇಟೆ ದಾಟಿ ಊಟಿಯ ಕಲ್ಲಟ್ಟಿ ಘಾಟಿನ 36 ತಿರುವುಗಳನ್ನು ಏರುವಾಗ ಬಯಲಾಗುತ್ತದೆ. ಅಲ್ಲಿ ಬಡಿತವನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನಿಗೇ ತೂತು ಬಿದ್ದೀತು.

ಎಥನಾಲ್ ಬಡಿತವನ್ನು ತಡೆಯುತ್ತದೆಂದು ಕಿಡಿಯನ್ನು ಮನಸ್ಸಿಗೆ ಬಂದಷ್ಟು ಮುಂದಕ್ಕೆ ತಳ್ಳುವಂತಿಲ್ಲ. ಹಳೆಯ ಕಾರ್ಬ್ಯುರೇಟರಿನಲ್ಲಿ ಈ ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ; ಅದನ್ನು ಟೈಮಿಂಗ್‌ನಿಂದ ಸರಿಪಡಿಸಲಾಗದು. ಹಳೆಯ ರಬ್ಬರ್ ಕೊಳವೆಗಳೂ ಮೆತ್ತಗಾಗಿ ಸೋರಬಹುದು. ಕಿಡಿಗೆ ಕೈ ಹಾಕುವ ಮುನ್ನ ಅವನ್ನು ನೋಡುವುದು ಒಳಿತು.

ಪದ್ಮಿನಿ ತಯಾರಿಕೆ 2000ದ ಸುಮಾರಿಗೆ, ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತವು. ಹೊಸ ಕಾರುಗಳಲ್ಲಿ ಬಡಿತವನ್ನು ಸೆನ್ಸರ್ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರ್ ಕಿಡಿಯನ್ನು ಹೊಂದಿಸುತ್ತದೆ. ಹಳೆಯ ಕಾರಿನಲ್ಲಿ ಆ ಎರಡೂ ಕೆಲಸ ಮಾಲೀಕನ ಕಿವಿ, ಕೈಗಳದೇ. ಕೈಪಿಡಿಯ ಅಂಕಿಯಿಂದ ಕೆಲಸ ಶುರು ಮಾಡಿ, ಎಂಜಿನ್ನಿನ ಸದ್ದು ಕೇಳಿ ಮುಗಿಸುವುದು ಇಂದಿನ ಪೆಟ್ರೋಲಿಗೆ ತಕ್ಕ ಕ್ರಮ.